ಐದನೇ ದಿನದ ಪರೀಕ್ಷೆ

ಪ್ರನಾಳದಲ್ಲಿ ಫಲಿತಗೊಂಡ ಅಂಡ ಐದನೇ ದಿನಕ್ಕೆ ಬರುವಾಗ ನೂರರಿಂದ ಇನ್ನೂರು ಜೀವಕೋಶಗಳಿರುವ ಪೊಳ್ಳು ಉಂಡೆಯಾಗಿರುತ್ತದೆ. ಅದರ ಅಡ್ಡಗಲ ಮಿಲಿಮೀಟರಿನ ಐದನೇ ಒಂದರಷ್ಟು. ಬ್ಲಾಸ್ಟೊಸಿಸ್ಟ್ ಎಂದು ಕರೆಯುವ ಈ ಹಂತದಲ್ಲಿ ಕೋಶಗಳ ನಡುವೆ ಕೆಲಸದ ಹಂಚಿಕೆ ಮೊದಲ ಬಾರಿಗೆ ಕಣ್ಣಿಗೆ ಕಾಣುತ್ತದೆ. ಒಳಗೆ ಒಂದು ಬದಿಗೆ ಗುಂಪಾಗಿ ಅಂಟಿಕೊಂಡವು ಮುಂದೆ ಮಗುವಾಗುತ್ತವೆ. ಸುತ್ತ ಒಂದೇ ಪದರವಾಗಿ ಕುಳಿತವು ಮಾಸು ಆಗುತ್ತವೆ. ಈ ಹೊರಪದರದಿಂದ ಐದರಿಂದ ಹತ್ತು ಕೋಶ ತೆಗೆದು, ಅವುಗಳ ಡಿಎನ್‌ಎ ಓದಿ, ಯಾವ ಭ್ರೂಣವನ್ನು ತಾಯಿಯ ಗರ್ಭಕ್ಕೆ ಸೇರಿಸಬಹುದೆಂದು ತೀರ್ಮಾನಿಸುವುದೇ ಭ್ರೂಣದ ವಂಶವಾಹಿ ಪರೀಕ್ಷೆ. ಆಸ್ಪತ್ರೆಯ ಚೀಟಿಯಲ್ಲಿ ಅದರ ಹೆಸರು ಪಿಜಿಟಿ.

ಈ ಪರೀಕ್ಷೆ ರೋಗವನ್ನು ವಾಸಿ ಮಾಡುವುದಿಲ್ಲ, ಭ್ರೂಣವನ್ನು ತಿದ್ದುವುದೂ ಇಲ್ಲ. ಕೈಯಲ್ಲಿರುವ ಕೆಲವೇ ಭ್ರೂಣಗಳ ಪೈಕಿ ಆರಿಸಲು ನೆರವಾಗುತ್ತದೆ, ಅಷ್ಟೆ. ಅದೂ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ‘ಮಗು ಆರೋಗ್ಯವಾಗಿರುತ್ತದೆಯೇ’ ಎಂದು ಕೇಳಿದರೆ ಪ್ರಯೋಗಾಲಯಕ್ಕೆ ಏನು ಹುಡುಕಬೇಕೆಂದೇ ತಿಳಿಯದು. ‘ಹನ್ನೊಂದನೇ ವರ್ಣತಂತುವಿನ ಬೀಟಾ ಗ್ಲೋಬಿನ್ ಜೀನಿನಲ್ಲಿ ತಂದೆಗೊಂದು, ತಾಯಿಗೊಂದು ದೋಷವಿದೆ; ಎರಡೂ ಈ ಭ್ರೂಣಕ್ಕೆ ಬಂದಿವೆಯೇ’ ಎಂದು ಕೇಳಿದರೆ ತಿಳಿಯುತ್ತದೆ. ಹಾಗೆ ಕೇಳಬೇಕಾದರೆ ಮನೆಯಲ್ಲಿ ಯಾವ ರೋಗವಿದೆ, ಅದು ಯಾವ ಜೀನಿನದು ಎಂದು ಮೊದಲೇ ಗೊತ್ತಿರಬೇಕು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಕಡೆಯ ದಂಪತಿಗೆ ಈ ಪರೀಕ್ಷೆಯ ಮೊದಲ ಹೆಜ್ಜೆ ಬೀಳುವುದು ಬೆಂಗಳೂರಿನ ಪ್ರಯೋಗಾಲಯದಲ್ಲಲ್ಲ, ತರವಾಡು ಎಂಬ ಮೂಲಮನೆಯ ಜಗಲಿಯಲ್ಲಿ, ಅಜ್ಜಿಯ ನೆನಪಿನಲ್ಲಿ.

ಪಿಜಿಟಿಯಲ್ಲಿ ಮೂರು ಬಗೆ. ಒಂದೇ ಜೀನಿನ ದೋಷದಿಂದ ಬರುವ ರೋಗವನ್ನು ಹುಡುಕುವುದು ಪಿಜಿಟಿ-ಎಂ. ತಂದೆಯಲ್ಲೋ ತಾಯಿಯಲ್ಲೋ ವರ್ಣತಂತುಗಳ ತುಂಡುಗಳು ಅದಲುಬದಲಾಗಿದ್ದಾಗ ಭ್ರೂಣಕ್ಕೆ ತುಂಡುಗಳ ಲೆಕ್ಕ ಸರಿಯಾಗಿ ಬಂದಿದೆಯೇ ಎಂದು ನೋಡುವುದು ಪಿಜಿಟಿ-ಎಸ್‌ಆರ್. ಇಂಥ ಅದಲುಬದಲು ಇದ್ದವರು ಸ್ವತಃ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗರ್ಭ ಮತ್ತೆ ಮತ್ತೆ ಇಳಿದುಹೋದ ಮೇಲೆ ಗಂಡ ಹೆಂಡತಿ ಇಬ್ಬರ ರಕ್ತದಲ್ಲಿ ವರ್ಣತಂತುಗಳನ್ನು ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಮಾಡಿಸಿದಾಗಲೇ ಹೆಚ್ಚಾಗಿ ಅದು ಬೆಳಕಿಗೆ ಬರುವುದು. ಮೂರನೆಯದು ಪಿಜಿಟಿ-ಎ. ಇದರಲ್ಲಿ ನಿರ್ದಿಷ್ಟ ಕುಟುಂಬ ರೋಗದ ಮಾತಿಲ್ಲ. ವರ್ಣತಂತುಗಳು 46 ಇವೆಯೇ, ಹೆಚ್ಚು ಕಡಿಮೆ ಆಗಿವೆಯೇ ಎಂಬ ಎಣಿಕೆ ಮಾತ್ರ. ಜಾಹೀರಾತು ಹೆಚ್ಚು ಇರುವುದು ಮೂರನೆಯದಕ್ಕೆ, ಸಂಶಯ ಹೆಚ್ಚು ಇರುವುದೂ ಅದರ ಮೇಲೆಯೇ.

ಯೋಚನೆ ಹಳೆಯದು. 1968ರಲ್ಲೇ ರಾಬರ್ಟ್ ಎಡ್ವರ್ಡ್ಸ್ ಮತ್ತು ರಿಚರ್ಡ್ ಗಾರ್ಡ್ನರ್ ಮೊಲದ ಬ್ಲಾಸ್ಟೊಸಿಸ್ಟ್‌ನಿಂದ ಕೆಲವು ಕೋಶ ತೆಗೆದು ಲಿಂಗ ಗುರುತಿಸಿದ್ದರು. ಮನುಷ್ಯರಲ್ಲಿ ಪ್ರನಾಳ ಶಿಶುವೇ ಆಗ ಇರಲಿಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಭ್ರೂಣ ಪರೀಕ್ಷೆಯಿಂದ ಗರ್ಭ ನಿಂತ ಮೊದಲ ವರದಿ ಬಂದದ್ದು 1990ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಆಲನ್ ಹ್ಯಾಂಡಿಸೈಡ್ ತಂಡದಿಂದ. ಅಲ್ಲಿನ ದಂಪತಿಗಳಿಗಿದ್ದ ಭಯ ಗಂಡುಮಕ್ಕಳಲ್ಲಿ ಮಾತ್ರ ತೋರುವ ರೋಗಗಳದ್ದು. ಜೀನನ್ನೇ ಓದುವ ಉಪಾಯ ಇನ್ನೂ ಇರಲಿಲ್ಲವಾದ್ದರಿಂದ ಹೆಣ್ಣು ಭ್ರೂಣಗಳನ್ನು ಆರಿಸಿ ಗರ್ಭಕ್ಕೆ ಸೇರಿಸಿದರು. ಆರೋಗ್ಯವಂತ ಗಂಡು ಭ್ರೂಣಗಳೂ ಇದರಲ್ಲಿ ಬಿಟ್ಟುಹೋದವು. ಇಂದು ದೋಷವಿರುವ ಜಾಗವನ್ನೇ ನೋಡುವುದರಿಂದ ಅಂಥ ಸಗಟು ಆಯ್ಕೆ ಬೇಕಾಗಿಲ್ಲ.

ಗಂಡಿನಲ್ಲಿ ತೋರಿ ಹೆಣ್ಣಿನ ಮೂಲಕ ಸಾಗುವ ರೋಗಗಳಿಗೆ ತುಳುನಾಡಿನಲ್ಲಿ ಒಂದು ವಿಶೇಷ ಸಂದರ್ಭವಿದೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ, ಸ್ನಾಯುಗಳು ವರ್ಷ ವರ್ಷ ಸೋಲುತ್ತಾ ಹೋಗುವ ಡುಷೆನ್ ಕಾಯಿಲೆ, ಇವೆರಡರ ಜೀನೂ ಎಕ್ಸ್ ವರ್ಣತಂತುವಿನಲ್ಲಿದೆ. ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ. ಅವರು ವಾಹಕರಾಗಿ ಉಳಿಯುತ್ತಾರೆ. ಗಂಡಸಿಗೆ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು. ಹೀಗಾಗಿ ರೋಗ ಅಣ್ಣನಲ್ಲಿ ಕಂಡು, ತಂಗಿಯಲ್ಲಿ ಮರೆಯಾಗಿ, ಅವಳ ಮಗನಲ್ಲಿ ಮತ್ತೆ ತಲೆಯೆತ್ತುತ್ತದೆ. ಮಾವನಿಂದ ಅಳಿಯನಿಗೆ ಇಳಿಯುವ ಈ ದಾರಿ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಇಳಿಯುತ್ತಿದ್ದ ದಾರಿಯೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಆಸ್ತಿಯ ಲೆಕ್ಕ ಬದಲಾಯಿತು. ಆದರೆ ಬಂಟ, ಬಿಲ್ಲವ ಮುಂತಾದ ಸಮುದಾಯಗಳಲ್ಲಿ ‘ಬರಿ’, ಅಂದರೆ ಕುಲದ ಹೆಸರು, ಇಂದಿಗೂ ತಾಯಿಯದ್ದೇ. ಅಮ್ಮನ ಕಡೆಯ ನಾಲ್ಕು ತಲೆಮಾರಿನ ಹೆಸರು, ಯಾರ ಮಗ ಎಳವೆಯಲ್ಲೇ ಹೋದ, ಯಾರು ಕಾಲು ಸೋತು ಕೂತಲ್ಲೇ ಆದ ಎಂಬುದು ಹಿರಿಯ ಹೆಂಗಸರ ಬಾಯಲ್ಲಿ ಸಿಗುತ್ತದೆ. ತಂದೆಯ ಕಡೆಯ ವಂಶಾವಳಿ ಮಾತ್ರ ಬರೆದಿಡುವ ಮನೆಗಳಲ್ಲಿ ಎಕ್ಸ್ ವರ್ಣತಂತುವಿನ ಜಾಡು ಎರಡನೇ ಹೆಜ್ಜೆಗೇ ತಪ್ಪಿಹೋಗುತ್ತದೆ.

ಜೆನೆಟಿಕ್ ಕೌನ್ಸೆಲರ್ ಕಾಗದದ ಮೇಲೆ ಬರೆಯುವುದೂ ಇಂಥದ್ದೇ ಒಂದು ವಂಶವೃಕ್ಷ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗ ಇದ್ದವರ ಗುರುತಿಗೆ ಒಳಗೆ ಕಪ್ಪು ತುಂಬುವುದು, ಸಂಬಂಧದೊಳಗಿನ ಮದುವೆಗೆ ಜೋಡಿ ಗೆರೆ. ಮೂರು ತಲೆಮಾರು ಬರೆದು ಮುಗಿಸುವಷ್ಟರಲ್ಲಿ ರೋಗದ ಸ್ವಭಾವ ಅರ್ಧಕ್ಕರ್ಧ ಹೊರಬೀಳುತ್ತದೆ. ಕಪ್ಪು ಚೌಕಗಳು ತಾಯಿಯ ಕಡೆ ಮಾತ್ರ ಇದ್ದರೆ ಎಕ್ಸ್. ಪ್ರತಿ ತಲೆಮಾರಿನಲ್ಲೂ ಗಂಡು ಹೆಣ್ಣೆನ್ನದೆ ಕಪ್ಪು ಇದ್ದರೆ ಒಂದೇ ಪ್ರತಿ ಕೆಟ್ಟರೂ ತೋರುವ ಪ್ರಬಲ ದೋಷ. ಜೋಡಿ ಗೆರೆಯ ಕೆಳಗೆ ಮಾತ್ರ ಇದ್ದಕ್ಕಿದ್ದಂತೆ ಕಪ್ಪು ಕಾಣಿಸಿಕೊಂಡರೆ ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ರೋಗದ ಶಂಕೆ. ಡುಷೆನ್ ಕಾಯಿಲೆಯಲ್ಲಿ ಒಂದು ಎಚ್ಚರ ಬೇಕು: ಸುಮಾರು ಮೂರನೇ ಒಂದು ಭಾಗದ ಮಕ್ಕಳಲ್ಲಿ ದೋಷ ಹೊಸದಾಗಿಯೇ ಹುಟ್ಟಿರುತ್ತದೆ, ವಂಶದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ.

ಜೋಡಿ ಗೆರೆಯ ವಿಷಯದಲ್ಲಿ ಕರಾವಳಿಯ ಕಟ್ಟುಪಾಡು ಸ್ವಾರಸ್ಯಕರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು ಸಂಬಂಧದೊಳಗೇ ಮದುವೆಯಾದವರು. ಬಯಲುಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆ ಬಹಳ ಕಾಲದಿಂದ ಇದೆ. ತುಳುವರ ಬರಿ ಪದ್ಧತಿಯಲ್ಲಿ ಅದನ್ನು ಬಾಯಲ್ಲಿ ಹೇಳುವಂತೆಯೂ ಇಲ್ಲ. ಸೋದರಮಾವ ಮತ್ತು ಅಕ್ಕನ ಮಗಳು ಇಬ್ಬರದೂ ಒಂದೇ ಬರಿ. ಬ್ಯಾರಿ ಮುಸ್ಲಿಮರಲ್ಲಿ ಅದು ಧರ್ಮದಿಂದಲೇ ನಿಷಿದ್ಧ. ಮಾವ–ಸೊಸೆಯ ನಡುವೆ ನಾಲ್ಕನೇ ಒಂದು ಪಾಲು ವಂಶವಾಹಿಗಳು ಸಮಾನ, ಸೋದರ ಸಂಬಂಧಿಗಳ ನಡುವೆ ಎಂಟನೇ ಒಂದು. ಹೆಚ್ಚು ಅಪಾಯದ ಬಾಗಿಲು ಹೀಗೆ ಮುಚ್ಚಿತು. ಆದರೆ ಬರಿ ನೋಡುವವರು ಸೋದರಮಾವನ ಮಗಳಿಗೆ ‘ಆಗಬಹುದು’ ಎನ್ನುತ್ತಾರೆ, ಚಿಕ್ಕಮ್ಮನ ಮಗಳಿಗೆ ‘ತಂಗಿ’ ಎನ್ನುತ್ತಾರೆ. ಡಿಎನ್‌ಎಗೆ ಈ ಭೇದ ತಿಳಿಯದು. ಎರಡು ಕಡೆಯೂ ಅದೇ ಎಂಟನೇ ಒಂದು. ಬರಿ ಬೇರೆಯಾದ್ದರಿಂದ ರಕ್ತವೂ ಬೇರೆ ಎಂಬ ನಂಬಿಕೆ ಮದುವೆಯ ಮಾತುಕತೆಗೆ ಸಾಕು, ಪ್ರಯೋಗಾಲಯಕ್ಕೆ ಸಾಲದು.

ಎಂಟನೇ ಒಂದು ಎಂದರೆ ಎಷ್ಟು? ಭಾರತದಲ್ಲಿ ಬೀಟಾ ಗ್ಲೋಬಿನ್ ಜೀನಿನ ದೋಷದಿಂದ ಬರುವ ರಕ್ತದ ಕಾಯಿಲೆ ಬೀಟಾ ಥಲಸ್ಸೀಮಿಯಾದ ವಾಹಕರು ನೂರಕ್ಕೆ ಮೂರು ನಾಲ್ಕು ಮಂದಿ. ವಾಹಕನಾದವನು ಹೊರಗಿನವಳನ್ನು ಮದುವೆಯಾದರೆ ಅವಳೂ ವಾಹಕಳಾಗಿರುವ ಸಂಭವ ಸುಮಾರು ಮೂವತ್ತಕ್ಕೆ ಒಂದು. ಮಾವನ ಮಗಳಾದರೆ ಎಂಟಕ್ಕೆ ಒಂದನ್ನೂ ಮೀರುತ್ತದೆ. ರೋಗ ಇನ್ನೂ ಅಪರೂಪದ್ದಾಗಿ, ಊರಿನಲ್ಲಿ ಇನ್ನೂರಕ್ಕೆ ಒಬ್ಬರು ಮಾತ್ರ ವಾಹಕರು ಎಂದಿಟ್ಟುಕೊಂಡರೂ ಮಾವನ ಮಗಳ ಲೆಕ್ಕ ಎಂಟಕ್ಕೆ ಒಂದರ ಆಸುಪಾಸಿನಲ್ಲೇ ನಿಲ್ಲುತ್ತದೆ. ರೋಗ ಅಪರೂಪವಾದಷ್ಟೂ ಸಂಬಂಧದೊಳಗಿನ ಮದುವೆಯ ಪಾತ್ರ ದೊಡ್ಡದಾಗುವುದು ಇದರಿಂದಲೇ. ಹಾಗೆಂದು ಗಾಬರಿ ಬೇಡ: ಯಾವುದೇ ದಂಪತಿಗೆ ದೋಷವಿರುವ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರು ಇದ್ದೇ ಇದೆ, ಸೋದರ ಸಂಬಂಧಿಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ.

ವಂಶವೃಕ್ಷ ಸಿಕ್ಕ ಮೇಲೆ ಜೀನ್ ಸಿಗಬೇಕು. ಇದಕ್ಕೆ ಕರ್ನಾಟಕದ್ದೇ ಉದಾಹರಣೆ ಸಾಗರ ತಾಲೂಕಿನ ಹಂದಿಗೋಡು ಕಾಯಿಲೆ. ಕೀಲುಗಳು ಸವೆದು, ನಡೆಯಲಾಗದೆ, ಕೆಲವರಲ್ಲಿ ಎತ್ತರವೇ ಕುಗ್ಗುವ ಈ ರೋಗ 1970ರ ದಶಕದಲ್ಲಿ ಸುದ್ದಿಯಾಯಿತು. ಕೀಟನಾಶಕದಿಂದ ಬಂತೇ, ಆಹಾರದಿಂದ ಬಂತೇ ಎಂಬ ಚರ್ಚೆಯ ನಂತರ ಮನೆತನಗಳ ವಂಶವೃಕ್ಷ ಬರೆದು ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಪ್ರಬಲ ದೋಷವಾಗಿ ಇಳಿಯುವುದೆಂದು ಸಂಶೋಧಕರು ತೀರ್ಮಾನಿಸಿದರು. ಆದರೂ ಯಾವ ಜೀನಿನದು ಎಂಬುದು ದಶಕಗಳ ಕಾಲ ಕೈಗೆ ಸಿಗಲಿಲ್ಲ. ವಂಶದಲ್ಲಿ ಬರುತ್ತದೆ ಎಂದು ಖಚಿತವಾಗಿದ್ದರೂ ಜೀನ್ ಗೊತ್ತಿಲ್ಲದಿದ್ದರೆ ಭ್ರೂಣದಲ್ಲಿ ಹುಡುಕುವುದು ಏನನ್ನು? ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಮೂಳೆ ಮತ್ತು ನರಮಂಡಲದ ಅಪರೂಪದ ಕಾಯಿಲೆಗಳ ಜೀನ್ ಪತ್ತೆಯಲ್ಲಿ ಹೆಸರು ಮಾಡಿರುವುದರ ಬೆಲೆ ಇಲ್ಲಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಸ್ನಾಯು ಕಾಯಿಲೆಗಳಿಗೆ ನಿಮ್ಹಾನ್ಸ್, ಇವೂ ಇದೇ ಕೆಲಸದ ಜಾಗಗಳು. ರೋಗವಿರುವ ಮಗುವಿನ ರಕ್ತ ಪರೀಕ್ಷೆ ಮಗು ಬದುಕಿರುವಾಗಲೇ ಆಗಬೇಕು. ಅದು ತಪ್ಪಿದರೆ ಮುಂದಿನ ಭ್ರೂಣಕ್ಕೆ ಕೇಳುವ ಪ್ರಶ್ನೆಯೇ ಉಳಿಯುವುದಿಲ್ಲ, ಅಥವಾ ಉಳಿದರೂ ಬಹಳ ಮಸುಕಾಗಿರುತ್ತದೆ.

ಈ ಭಾಗದಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಗೇರು ತೋಟಗಳಿಂದ ಬಂದಿದೆ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಪ್ರದೇಶದಲ್ಲಿ, ಬೆಳ್ತಂಗಡಿಯ ಕೊಕ್ಕಡ ಸುತ್ತಮುತ್ತ, ಆಗಿನ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಊರುಗಳಲ್ಲಿ, ಅಂಗವೈಕಲ್ಯ ಮತ್ತು ಬುದ್ಧಿಮಾಂದ್ಯತೆಯ ಮಕ್ಕಳು ಹುಟ್ಟಿದರು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲೂ ಅದೇ ಕಥೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿ ಅಧ್ಯಯನ ನಡೆಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. ಕೊಕ್ಕಡದಲ್ಲಿ, ಕೊಯಿಲದಲ್ಲಿ ಸಂತ್ರಸ್ತ ಮಕ್ಕಳಿಗಾಗಿ ಪಾಲನಾ ಕೇಂದ್ರಗಳಾದವು. ಅಂಥ ಮನೆಯ ಮಗನೋ ಮಗಳೋ ಮದುವೆಯಾಗಿ ‘ನಮ್ಮ ಭ್ರೂಣ ಪರೀಕ್ಷಿಸಿ ಹೇಳಿ’ ಎಂದು ಬಂದರೆ?

ವಿಷ ಮತ್ತು ವಂಶವಾಹಿ ಬೇರೆ ಬೇರೆ ದಾರಿಯಲ್ಲಿ ಕೆಡಿಸುತ್ತವೆ. ಭ್ರೂಣದ ಅಂಗಾಂಗಗಳು ರೂಪುಗೊಳ್ಳುವುದು ಮೂರನೇ ವಾರದಿಂದ ಎಂಟನೇ ವಾರದ ತನಕ. ಆ ಹೊತ್ತಿನಲ್ಲಿ ತಾಯಿಯ ದೇಹ ಸೇರಿದ ವಿಷ ಅಂಗ ಕಟ್ಟುವ ಕೆಲಸಕ್ಕೆ ಅಡ್ಡಬರುತ್ತದೆ, ಜೀನಿನ ಅಕ್ಷರ ಬದಲಿಸಬೇಕೆಂದೇನಿಲ್ಲ. ಐದನೇ ದಿನದ ಭ್ರೂಣಕ್ಕೆ ಅಂಗಗಳೇ ಇಲ್ಲ. ಮುಂದೆ ತಗಲಬಹುದಾದ ವಿಷದ ಗುರುತು ಅದರ ಡಿಎನ್‌ಎಯಲ್ಲಿ ಸಿಗಲು ಸಾಧ್ಯವಿಲ್ಲ. ಹಾಗಾಗಿ ವಿಷದಿಂದಲೇ ಆದ ಅಂಗವೈಕಲ್ಯಕ್ಕೆ ಪಿಜಿಟಿ ಮಾಡಿಸುವುದು ದುಡ್ಡು ಕಳೆಯುವ ದಾರಿ. ಆದರೆ ಇನ್ನೊಂದು ಮಗ್ಗುಲೂ ಇದೆ. ಸಿಂಪಡಣೆಯಾದ ಊರಿನಲ್ಲಿ ಹುಟ್ಟಿತೆಂಬ ಒಂದೇ ಕಾರಣಕ್ಕೆ ಮಗುವಿನ ತೊಂದರೆಯನ್ನೆಲ್ಲ ಎಂಡೋಸಲ್ಫಾನ್ ಲೆಕ್ಕಕ್ಕೆ ಬರೆದರೆ, ಆ ಊರಿನಲ್ಲೂ ಎಲ್ಲ ಕಡೆಯಂತೆ ಇರುವ ಆನುವಂಶಿಕ ರೋಗಗಳು ಕಣ್ತಪ್ಪುತ್ತವೆ. ಒಂದೇ ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿಗೆ ಒಂದೇ ಬಗೆಯ ತೊಂದರೆಯಿದ್ದರೆ ಜೀನ್ ಪರೀಕ್ಷೆ ಮಾಡಿಸಿಯೇ ತೀರಬೇಕು. ಜೀನಿನಲ್ಲಿ ದೋಷ ಸಿಕ್ಕಿತೆಂದರೆ ಸಂತ್ರಸ್ತರೆಂದು ಸಿಗುವ ಪಿಂಚಣಿ ನಿಲ್ಲಬಹುದೆಂಬ ಅಂಜಿಕೆ ಕುಟುಂಬಗಳಿಗೆ ಇರುವುದು ಸಹಜ. ಆ ಅಂಜಿಕೆ ತೆಗೆಯುವ ಹೊಣೆ ಸರಕಾರದ್ದು, ರಕ್ತ ಕೊಡಲು ಬಂದ ತಾಯಿಯದ್ದಲ್ಲ.

ಮುಚ್ಚಿಡುವ ಇನ್ನೊಂದು ಕಾರಣ ಎಲ್ಲ ಊರಿಗೂ ಸಾಮಾನ್ಯ: ‘ಸಂಬಂಧ ತಪ್ಪುತ್ತದೆ.’ ರೋಗದ ಮಗುವನ್ನು ಒಳಕೋಣೆಯಲ್ಲಿಟ್ಟು ಅದರ ಅಕ್ಕನ ಮದುವೆ ಮಾಡಿದ ಮನೆಗಳುಂಟು. ಜಾತಕ ತೋರಿಸುತ್ತಾರೆ, ನಾಗದೋಷ ಕೇಳುತ್ತಾರೆ, ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಮಾಡಿಸುತ್ತಾರೆ. ಹುಡುಗಿಯ ತಮ್ಮ ಹತ್ತು ವರ್ಷಕ್ಕೆ ನಡಿಗೆ ನಿಲ್ಲಿಸಿದ ಸಂಗತಿ ಮಾತ್ರ ಹೊರಗೆ ಬರುವುದಿಲ್ಲ. ಹರಕೆಗೂ ಚಿಕಿತ್ಸೆಗೂ ಜಗಳವಿಲ್ಲ. ಕುಕ್ಕೆಯಲ್ಲಿ ಸಂತಾನದ ಹರಕೆ ಹೊತ್ತು ಸಾಲಿನಲ್ಲಿ ನಿಂತವರು ಪ್ರನಾಳ ಶಿಶು (ಐವಿಎಫ್) ಕೇಂದ್ರದ ಸಾಲಿನಲ್ಲೂ ಸಿಗುತ್ತಾರೆ. ತೊಂದರೆಯಾಗುವುದು ತಮ್ಮನ ವಿಷಯ ಎರಡೂ ಕಡೆ ಹೇಳದೆ ಉಳಿದಾಗ.

ಜೀನ್ ಗೊತ್ತಾಯಿತು ಎಂದುಕೊಳ್ಳೋಣ. ಮುಂದಿನದು ದೇಹದ ದುಡಿಮೆ, ಅದರಲ್ಲಿ ಹೆಚ್ಚಿನ ಪಾಲು ಹೆಂಗಸಿನದ್ದು. ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು, ನಡುನಡುವೆ ಅಂಡಾಶಯದ ಸ್ಕ್ಯಾನ್. ಸುಳ್ಯದಿಂದ ಮಾಣಿ–ಮೈಸೂರು ಹೆದ್ದಾರಿ ಹಿಡಿದು ಪುತ್ತೂರು ದಾಟಿ ಮಂಗಳೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ ಕೆಟ್ಟಂತೆ. ಮಣಿಪಾಲಕ್ಕಾದರೆ ಇನ್ನೂ ದೂರ. ಅಂಡಗಳು ಬಲಿತಾಗ ಅರಿವಳಿಕೆ ಕೊಟ್ಟು ಸೂಜಿಯಿಂದ ಹೀರಿ ತೆಗೆಯುತ್ತಾರೆ. ಪಿಜಿಟಿ-ಎಂ ಮಾಡುವುದಾದರೆ ಪ್ರತಿ ಅಂಡಕ್ಕೂ ಒಂದೇ ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ಇಕ್ಸಿ ವಿಧಾನ ಬಳಸುವುದು ರೂಢಿ. ಅಂಡದ ಹೊರಚಿಪ್ಪಿಗೆ ಬೇರೆ ವೀರ್ಯಾಣುಗಳು ಅಂಟಿಕೊಂಡಿದ್ದರೆ ಅವುಗಳ ಡಿಎನ್‌ಎ ಪರೀಕ್ಷೆಯಲ್ಲಿ ಬೆರೆತು ದಾರಿ ತಪ್ಪಿಸಬಹುದು.

ಐದನೇ ಅಥವಾ ಆರನೇ ದಿನದ ಕೆಲಸ ಸೂಕ್ಷ್ಮದರ್ಶಕದ ಅಡಿಯಲ್ಲಿ ನಡೆಯುತ್ತದೆ. ಎಡಗಡೆಯ ಗಾಜಿನ ನಳಿಗೆ ಮೆಲ್ಲಗೆ ಹೀರಿ ಭ್ರೂಣವನ್ನು ಅಲ್ಲಾಡದಂತೆ ಹಿಡಿಯುತ್ತದೆ. ಮಗುವಾಗಲಿರುವ ಕೋಶಗಳ ಗುಂಪು ಬಲಗಡೆಯ ಸೂಜಿಯಿಂದ ದೂರವಿರುವಂತೆ ಭ್ರೂಣವನ್ನು ತಿರುಗಿಸಿಟ್ಟುಕೊಳ್ಳುತ್ತಾರೆ. ಹೊರಚಿಪ್ಪಿನಲ್ಲಿ ಲೇಸರ್ ಒಂದು ಕಿಂಡಿ ಮಾಡುತ್ತದೆ. ಹೊರಪದರದ ಕೋಶಗಳು ಕಿಂಡಿಯಿಂದ ಹೊರಗೆ ಉಬ್ಬಿದಾಗ ಬಲಗಡೆಯ ನಳಿಗೆ ಕೆಲವನ್ನು ಒಳಗೆಳೆದುಕೊಳ್ಳುತ್ತದೆ, ಇನ್ನೆರಡು ಲೇಸರ್ ಮಿಂಚಿನಲ್ಲಿ ಅವು ಕಳಚಿಕೊಳ್ಳುತ್ತವೆ. ಅವನ್ನು ತೊಳೆದು ಕಣ್ಣಿಗೆ ಕಾಣದಷ್ಟು ದ್ರವದಲ್ಲಿ ಪುಟ್ಟ ಕೊಳವೆಗೆ ಹಾಕುವುದೇ ಇಡೀ ಕೆಲಸದಲ್ಲಿ ಕೈ ನಡುಗಬಾರದ ಘಳಿಗೆ. ಕೋಶ ಕೊಳವೆಯೊಳಗೆ ಬಿತ್ತೋ ಅಂಚಿಗೇ ಅಂಟಿತೋ ಎಂದು ಕಣ್ಣಾರೆ ನೋಡಲಾಗದು. ಕೊಳವೆಗೂ ಭ್ರೂಣಕ್ಕೂ ಒಂದೇ ಗುರುತು ಸಂಖ್ಯೆ ಇದೆಯೇ ಎಂದು ಇನ್ನೊಬ್ಬರು ನಿಂತು ಓದಿ ಹೇಳುತ್ತಾರೆ.

ಪ್ರಯಾಣ ಹೊರಡುವುದು ಕೊಳವೆ, ಭ್ರೂಣವಲ್ಲ. ಭ್ರೂಣ ಕ್ಷಣಮಾತ್ರದಲ್ಲಿ ಗಾಜಿನಂತೆ ಹೆಪ್ಪುಗಟ್ಟಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಯುತ್ತದೆ. ಹಾಲಿನ ಸೊಸೈಟಿಯಿರುವ ಊರಿನವರಿಗೆ ಈ ಪಾತ್ರೆ ಹೊಸತಲ್ಲ: ದನಕ್ಕೆ ‘ಇಂಜೆಕ್ಷನ್’ ಕೊಡಲು ಬರುವವರ ಕ್ಯಾನಿನ ಮುಚ್ಚಳ ತೆಗೆದಾಗ ಹೊಗೆಯಾಡುವುದು ಅದೇ ಸಾರಜನಕ, ಒಳಗಿನ ಕಡ್ಡಿಗಳಲ್ಲಿ ಹೋರಿಯ ವೀರ್ಯ ಇರುವುದೂ ಅದೇ ಚಳಿಯಲ್ಲಿ.

ಒಂದು ಕೋಶದಲ್ಲಿರುವ ಡಿಎನ್‌ಎ ಸುಮಾರು ಆರು ಪಿಕೊಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಆರು. ಇಷ್ಟನ್ನು ನೇರವಾಗಿ ಓದಲಾಗದು. ಮೊದಲು ಲಕ್ಷಾಂತರ ಪಟ್ಟು ನಕಲು ಮಾಡಬೇಕು. ನಕಲು ಮಾಡುವಾಗ ತಂದೆಯ ಪ್ರತಿಯೋ ತಾಯಿಯ ಪ್ರತಿಯೋ ಒಂದು ಪೂರ್ತಿ ಬಿಟ್ಟುಹೋಗುವುದುಂಟು. ವಾಹಕ ಭ್ರೂಣ ಆಗ ರೋಗಿಯಂತೆ ಕಾಣಬಹುದು, ಅಥವಾ ರೋಗದ ಪ್ರತಿಯೇ ಬಿಟ್ಟುಹೋದರೆ ಪ್ರಬಲ ದೋಷವಿರುವ ಭ್ರೂಣ ಚೆನ್ನಾಗಿದ್ದಂತೆ ಕಾಣಬಹುದು. ಈ ಮೋಸ ತಡೆಯಲು ದೋಷದ ಅಕ್ಕಪಕ್ಕದ ಹತ್ತಾರು ಗುರುತುಗಳನ್ನೂ ಒಟ್ಟಿಗೆ ಓದುತ್ತಾರೆ. ಯಾವ ಗುರುತುಗಳ ಸಾಲು ದೋಷದ ಜೊತೆ ಬಂದಿದೆ ಎಂದು ತಿಳಿಯಲು ದಂಪತಿಯ ರಕ್ತದ ಜೊತೆಗೆ ರೋಗವಿರುವ ಮಗುವಿನದ್ದೋ ಅಜ್ಜ ಅಜ್ಜಿಯರದ್ದೋ ರಕ್ತ ಬೇಕು. ಮುಚ್ಚಿಟ್ಟ ಮನೆಯವರು ಕೊನೆಗೂ ಬಾಯಿ ಬಿಡಲೇಬೇಕಾಗುವ ಜಾಗ ಇದು. ಈ ಪೂರ್ವಸಿದ್ಧತೆಗೇ ಕೆಲವು ವಾರ ಹಿಡಿಯುತ್ತದೆ, ಅದು ಮುಗಿಯದೆ ಚುಚ್ಚುಮದ್ದು ಶುರು ಮಾಡುವುದಿಲ್ಲ.

ಕೊನೆಗೆ ಉಳಿಯುವ ಭ್ರೂಣಗಳು ಎಷ್ಟು ಎಂಬುದು ದಂಪತಿಗಳನ್ನು ಹೆಚ್ಚಾಗಿ ಕಂಗೆಡಿಸುವ ಸಂಗತಿ. ಹನ್ನೆರಡು ಅಂಡ ಸಿಕ್ಕಿದವೆನ್ನಿ. ಅವುಗಳಲ್ಲಿ ಒಂಬತ್ತು ಬಲಿತಿರಬಹುದು, ಏಳು ಫಲಿಸಬಹುದು, ಐದನೇ ದಿನಕ್ಕೆ ಮೂರು ನಾಲ್ಕು ಉಳಿಯಬಹುದು. ಥಲಸ್ಸೀಮಿಯಾದಂಥ ರೋಗದಲ್ಲಿ ನಾಲ್ಕರಲ್ಲಿ ಮೂರು ರೋಗದಿಂದ ಪಾರು. ರೋಗವಿರುವ ಅಣ್ಣನಿಗೆ ಅಸ್ಥಿಮಜ್ಜೆ ಕೊಡಲು ಹೊಂದುವ ಮಗುವೇ ಬೇಕೆಂದರೆ ಅದಕ್ಕೆ ಇನ್ನೊಂದು ನಾಲ್ಕರಲ್ಲಿ ಒಂದರ ಷರತ್ತು ಸೇರಿ ಲೆಕ್ಕ ಹದಿನಾರರಲ್ಲಿ ಮೂರಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ ಇಂಥ ಮೊದಲ ಮಗು 2000ದಲ್ಲಿ ಹುಟ್ಟಿತು. ಗುಜರಾತಿನ ಕುಟುಂಬವೊಂದರಲ್ಲಿ ಹೀಗೆ ಹುಟ್ಟಿದ ತಂಗಿಯ ಮಜ್ಜೆಯಿಂದ ಥಲಸ್ಸೀಮಿಯಾದ ಅಣ್ಣನಿಗೆ 2020ರಲ್ಲಿ ಅಹಮದಾಬಾದಿನಲ್ಲಿ ಕಸಿ ಮಾಡಲಾಯಿತು. ಹುಟ್ಟುವ ಮೊದಲೇ ಮಗುವಿಗೊಂದು ಕರ್ತವ್ಯ ಹೊರಿಸುವುದು ಸರಿಯೇ ಎಂಬ ಆಕ್ಷೇಪ ತೂಕದ್ದೇ. ತಿಂಗಳಿಗೊಮ್ಮೆ ರಕ್ತ ಹಾಕಿಸಲು ಮಗನನ್ನು ಹೊತ್ತೊಯ್ಯುವ ತಾಯಿಯೆದುರು ಅದನ್ನು ಎತ್ತುವುದು ಸುಲಭವಲ್ಲ.

ಪಿಜಿಟಿ-ಎ ಕಥೆ ಬೇರೆ. ಹೆಣ್ಣಿನ ವಯಸ್ಸು ಏರಿದಂತೆ ಅಂಡದಲ್ಲಿ ವರ್ಣತಂತುಗಳ ಹಂಚಿಕೆ ತಪ್ಪುವುದು ಹೆಚ್ಚುತ್ತದೆ: ಮೂವತ್ತೈದರ ಹೊತ್ತಿಗೆ ಸುಮಾರು ಮೂರನೇ ಒಂದು ಬ್ಲಾಸ್ಟೊಸಿಸ್ಟ್‌ನಲ್ಲಿ ಎಣಿಕೆ ತಪ್ಪಿರುತ್ತದೆ, ನಲವತ್ತಕ್ಕೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ. ತಪ್ಪಿದವನ್ನು ಮೊದಲೇ ಬಿಟ್ಟರೆ ಗರ್ಭ ನಿಲ್ಲುವುದು ಹೆಚ್ಚೀತು ಎಂಬ ತರ್ಕ ನಂಬುವಂತಿತ್ತು. 2007ರಲ್ಲಿ ನೆದರ್ಲೆಂಡಿನಲ್ಲಿ 408 ಮಹಿಳೆಯರ ಮೇಲೆ, ಆಗಿನ ಮೂರನೇ ದಿನದ ಹಳೆಯ ವಿಧಾನದಲ್ಲಿ, ಮಾಡಿದ ಪ್ರಯೋಗದಲ್ಲಿ ಪರೀಕ್ಷೆ ಮಾಡಿಸಿದವರಲ್ಲಿ ಗರ್ಭ ನಿಂತದ್ದು ನೂರಕ್ಕೆ 25, ಮಾಡಿಸದವರಲ್ಲಿ 37. ವಿಧಾನ ಸುಧಾರಿಸಿದ ಮೇಲೆ, 2021ರಲ್ಲಿ ಚೀನಾದಲ್ಲಿ 1,212 ಮಹಿಳೆಯರ ಮೇಲೆ ಮತ್ತೆ ನೋಡಿದರು: ಮಗು ಹುಟ್ಟಿದ ಪ್ರಮಾಣ ಪರೀಕ್ಷೆಯ ಗುಂಪಿನಲ್ಲಿ ನೂರಕ್ಕೆ 77.2, ಇನ್ನೊಂದರಲ್ಲಿ 81.8. ಅವರೆಲ್ಲ 38ರೊಳಗಿನವರು ಎಂಬುದನ್ನು ಮರೆಯಬಾರದು. ವಯಸ್ಸಾದವರಲ್ಲಿ, ಗರ್ಭ ಮತ್ತೆ ಮತ್ತೆ ಇಳಿದವರಲ್ಲಿ ಉಪಯೋಗ ಇರಬಹುದು. ಆದರೆ ಇಪ್ಪತ್ತೆಂಟರ ಹುಡುಗಿಗೂ ಇದನ್ನು ಪ್ಯಾಕೇಜಿನಲ್ಲಿ ಸೇರಿಸಿ ಬಿಲ್ ಮಾಡುವುದಕ್ಕೆ ವಿಜ್ಞಾನದ ಬೆಂಬಲ ಸಾಲದು.

ಇನ್ನೂ ಒಂದು ತೊಡಕು ಮಿಶ್ರ ಭ್ರೂಣಗಳದ್ದು. ಕೆಲವು ಕೋಶ ಸರಿ, ಕೆಲವು ತಪ್ಪು. ತೆಗೆದ ಐದು ಕೋಶ ಮಾಸು ಆಗುವ ಪದರದವು. ಮಗುವಾಗುವ ಗುಂಪಿನ ಸ್ಥಿತಿಯನ್ನು ಅವು ಪೂರ್ತಿ ಹೇಳಲಾರವು. 2015ರಲ್ಲಿ ಇಟಲಿಯ ವೈದ್ಯರು 18 ಮಹಿಳೆಯರಿಗೆ ಇಂಥ ಮಿಶ್ರ ಭ್ರೂಣಗಳನ್ನೇ ಸೇರಿಸಿದಾಗ ಆರು ಆರೋಗ್ಯವಂತ ಮಕ್ಕಳು ಹುಟ್ಟಿದರು. ಎಸೆಯಲು ಯೋಗ್ಯ ಎಂದು ವರದಿಯಲ್ಲಿ ಬರೆದವುಗಳಲ್ಲಿ ಎಷ್ಟು ಮಕ್ಕಳಾಗಬಹುದಿತ್ತೋ ಎಂಬ ಪ್ರಶ್ನೆ ಆಗಿನಿಂದ ವೈದ್ಯರನ್ನು ಕಾಡುತ್ತಿದೆ.

ಏನನ್ನು ಪರೀಕ್ಷಿಸಬಹುದು ಎಂಬ ವಿಷಯದಲ್ಲಿ ಭಾರತದ ಕಾನೂನು ಸ್ಪಷ್ಟವಾಗಿದೆ. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯನ್ನು 2003ರಲ್ಲಿ ತಿದ್ದಿ ಗರ್ಭಧಾರಣೆಗೆ ಮೊದಲಿನ ಆಯ್ಕೆಯನ್ನೂ ಅದರೊಳಗೆ ತಂದರು. 2022ರ ಜನವರಿಯಲ್ಲಿ ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ, ಮೊದಲೇ ಗೊತ್ತಿರುವ ಆನುವಂಶಿಕ ರೋಗಗಳಿಗೆ ಮಾತ್ರ ಭ್ರೂಣ ಪರೀಕ್ಷೆ ಎಂದು ಹೇಳುತ್ತದೆ. ಎತ್ತರ, ಬುದ್ಧಿ, ಮುಂದೆಂದೋ ಬರಬಹುದಾದ ಸಕ್ಕರೆ ಕಾಯಿಲೆ ಇವುಗಳಿಗೆ ನೂರಾರು ಜೀನುಗಳ ಅಂಕ ಕೂಡಿಸಿ ಭ್ರೂಣಕ್ಕೆ ರ‍್ಯಾಂಕ್ ಕೊಡುವ ವ್ಯಾಪಾರ ಅಮೆರಿಕದಲ್ಲಿ ಶುರುವಾಗಿದೆ. ಇಲ್ಲಿಯ ಕಾಯ್ದೆಯ ಮಾತಿನೊಳಗೆ ಅದಕ್ಕೆ ಜಾಗವಿಲ್ಲ. ವರ್ಣತಂತುಗಳನ್ನು ಎಣಿಸುವ ಯಂತ್ರಕ್ಕೆ ಎಕ್ಸ್, ವೈ ಎರಡೂ ಕಾಣುತ್ತವೆ, ವರದಿಯಲ್ಲಿ ಅವನ್ನು ಬರೆಯುವಂತಿಲ್ಲ. ಲಿಂಗಕ್ಕೆ ಅಂಟಿಕೊಂಡ ರೋಗದ ಪತ್ತೆಗೆ ಮಾತ್ರ ವಿನಾಯಿತಿ. ಲಿಂಗ ಆಯ್ಕೆಯ ಜಾಹೀರಾತಿಗೆ ಐದರಿಂದ ಹತ್ತು ವರ್ಷ ಜೈಲು ಅಥವಾ ಹತ್ತರಿಂದ ಇಪ್ಪತ್ತೈದು ಲಕ್ಷ ದಂಡ, ಇಲ್ಲವೇ ಎರಡೂ.

ಒಟ್ಟು ಖರ್ಚು ಲಕ್ಷಗಳಲ್ಲಿ. ಅಷ್ಟು ಇಲ್ಲದವರಿಗೆ ದಾರಿಯೇ ಇಲ್ಲವೆಂದೇನಲ್ಲ. ಮಕ್ಕಳಾಗಲು ತೊಂದರೆಯಿಲ್ಲದ ದಂಪತಿ ಸಹಜವಾಗಿ ಗರ್ಭ ಧರಿಸಿ, ಹನ್ನೊಂದರಿಂದ ಹದಿಮೂರನೇ ವಾರದೊಳಗೆ ಮಾಸಿನ ಚೂರು ತೆಗೆಸಿ ಅದೇ ಜೀನನ್ನು ಪರೀಕ್ಷಿಸಬಹುದು; ಹದಿನಾರನೇ ವಾರದ ಬಳಿಕ ಗರ್ಭಜಲದಿಂದಲೂ ಸಾಧ್ಯ. ದೋಷ ಕಂಡರೆ ಗರ್ಭ ಉಳಿಸಿಕೊಳ್ಳುವುದೋ ಬಿಡುವುದೋ ಎಂಬ ಸಂಕಟ ಎದುರಾಗುತ್ತದೆ. ಪಿಜಿಟಿ ತಪ್ಪಿಸುವುದು ಆ ಸಂಕಟವನ್ನು, ಅದರ ಬೆಲೆ ಇರುವುದೂ ಅಲ್ಲೇ. ಇದಕ್ಕೂ ಅಗ್ಗದ್ದು ಮದುವೆಗೆ ಮೊದಲು ಅಥವಾ ಗರ್ಭದ ಮೊದಲ ತಿಂಗಳುಗಳಲ್ಲಿ ಮಾಡುವ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ. ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ವಾಹಕರನ್ನು ಅದು ತೋರಿಸಿಕೊಡುತ್ತದೆ. ರಕ್ತ ತೆಗೆಯುವುದು ಪುತ್ತೂರಿನಲ್ಲೋ ಸುಳ್ಯದಲ್ಲೋ ಆದೀತು.

ಪಿಜಿಟಿ ಮಾಡಿಸಿ ಗರ್ಭ ನಿಂತವರಿಗೂ ವೈದ್ಯರು ಮಾಸಿನ ಅಥವಾ ಗರ್ಭಜಲದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲು ಹೇಳುತ್ತಾರೆ, ಏಕೆಂದರೆ ಐದು ಕೋಶಗಳ ಉತ್ತರದಲ್ಲಿ ಸಣ್ಣ ಪ್ರಮಾಣದ ತಪ್ಪು ಉಳಿದೇ ಇರುತ್ತದೆ. ಗರ್ಭಕ್ಕೆ ಸೇರಿಸದೆ ಉಳಿದ ಭ್ರೂಣಗಳನ್ನು ಕಾಯ್ದೆಯ ಪ್ರಕಾರ ಹತ್ತು ವರ್ಷ ಇಡಬಹುದು. ಆ ಮೇಲೆ ನಾಶಪಡಿಸುವುದೋ, ದಂಪತಿಯ ಒಪ್ಪಿಗೆಯೊಡನೆ ಸಂಶೋಧನೆಗೆ ಕೊಡುವುದೋ ಎಂಬುದು ಚಿಕಿತ್ಸೆಯ ಮೊದಲ ದಿನ ಸಹಿ ಹಾಕುವ ಕಾಗದಗಳಲ್ಲೇ ಬರುತ್ತದೆ. ಅಂದು ಆ ಪುಟ ಓದಿ ಸಹಿ ಹಾಕುವವರು ಕಡಿಮೆ.